ಕಂಪನಿ ಕಾಡು

"ಹೆರಿಗೆ ಬೇನೆ ಬಂದೋರಂಗೆ ಯಾಕ್ರೇ ನರಳ್ತೀರಿ? ಕೈ ಬೀಸಿ ಹೊಡೀರೇ ಮುಂಡೇವಾ. ಗಂಡನ ಜೊತೆ ಬಡಿದಾಡುವಾಗ ಎಲ್ಲಿಂದ ಬತ್ತದೆ ನಿಮಗೆ ಶಕ್ತಿ?"

ಕಪಿತಾನ್ ದಿಯೊನಿ ದೋಣಿಯ ಮೂತಿಯ ಮೇಲೆ ಕೊಡೆ ಬಿಚ್ಚಿಕೊಂಡು ಕೂತಿದ್ದ. ಹೆಸರಿಗೆ ಕಪಿತಾನ್, ಹಡಗು ನಡೆಸಿದವನಲ್ಲ. ನಾವೇ ಓಟು ಹಾಕಿ ಕೂರಿಸಿದ ಊರ ಯಜಮಾನ. ನಾವು ಹೆಂಗಸರು ಅಳಿವೆಯ ಬಾಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಉಪ್ಪುನೀರಿನ ಕಾಂಡ್ಲಾ ಗಿಡ ಕಡಿಯುತ್ತಿದ್ದೆವು. ಕಾಂಡ್ಲಾದ ಬೇರು ಜೇಡನ ಕಾಲಿನ ಹಾಗೆ ನೀರಿನ ಮೇಲೇ ಹರಡಿಕೊಂಡಿರುತ್ತದೆ. ಅದರ ಸಂದಿಯಲ್ಲಿ ಮೈ ತೂರಿಸಿ, ಬೇರನ್ನು ಬಿಟ್ಟು ಮೇಲಿನ ಕಾಂಡಕ್ಕೆ ಕತ್ತಿ ಹಾಕಬೇಕು. ಏಟು ಬಿದ್ದಲ್ಲಿ ಕೆಂಪು ರಸ ಒಸರಿ ಕೈಗೆ ಅಂಟುತ್ತಿತ್ತು.

"ಆಳುದ್ದದ್ದೇ ನೋಡಿ ಕಡೀರಿ. ಐದು ವರ್ಷದ ಗಿಡದಂಗೆ ಕಾಣ್ಬೇಕು," ಎಂದ ಕಪಿತಾನ್.

"ಐದು ವರ್ಷ ಅಂತ ಇದರ ಹಣೆ ಮೇಲೆ ಬರ್ದದಾ?" ನನ್ನ ಪಕ್ಕದಲ್ಲಿದ್ದ ಮಾನಾಂಗ್ ಉರ್ಬಾ ಕೇಳಿದಳು. ನಮ್ಮೆಲ್ಲರಿಗೂ ಹಿರಿಯಳು, ಮಾನಾಂಗ್ ಎಂದರೆ ಅಕ್ಕ. "ನಾನು ಮದುವೆಯಾಗಿ ಬಂದಾಗ್ಲೂ ಈ ಗಿಡ ಇಲ್ಲೇ ಇತ್ತು ಕಣಪ್ಪ."

"ನೀನೂ ಇಲ್ಲೇ ಇದ್ದೆ. ಬಾಯೊಂದು ಬೆಳೀತು."

ಉರ್ಬಕ್ಕ ಇನ್ನೊಂದು ಏಟು ಹಾಕಿ ಸೊಂಟ ನೆಟ್ಟಗೆ ಮಾಡಿದಳು. "ಪೊಲೀಸು ಯಾವಾಗ ಬತ್ತಾರೆ ಕಪಿತಾನ್?"

"ಪೊಲೀಸು ಯಾಕೆ?"

"ಕಾಂಡ್ಲಾ ಕಡೀತಿದ್ದೀವಲ್ಲ."

ಯಾರೂ ನಗಲಿಲ್ಲ. ಹಿಂದೊಂದು ಬಿರುಗಾಳಿಗೆ ಮನೆ ಬಿದ್ದಾಗ ಉರ್ಬಕ್ಕನ ಗಂಡ ಇದೇ ಅಳಿವೆಯಿಂದ ಎರಡು ಗಳ ಕಡಿದು ತಂದಿದ್ದ. ಕಾಂಡ್ಲಾ ಕಡಿಯುವುದು ಕಾನೂನಿಗೆ ವಿರುದ್ಧ ಎಂದು ಪೊಲೀಸರನ್ನು ಕರೆತಂದವನು ಇದೇ ದಿಯೊನಿ. ಜೈಲಿನಿಂದ ಆ ಮನುಷ್ಯ ಕೆಮ್ಮು ಹೊತ್ತುಕೊಂಡು ಬಂದ. ಕೆಮ್ಮು ಅವನನ್ನು ಹೊತ್ತುಕೊಂಡು ಹೋಯಿತು.

"ಇದು ಕಡಿಯೋದಲ್ಲ," ಎಂದ ಕಪಿತಾನ್, ಕೊಡೆಯನ್ನು ಇನ್ನೊಂದು ಹೆಗಲಿಗೆ ದಾಟಿಸುತ್ತ. "ಸ್ಥಳಾಂತರ. ಕಂಪನಿ ಮ್ಯಾಮ್ ಹೇಳವ್ರೆ."

ನಮ್ಮ ಊರ ಮುಂದೆ, ಇಳಿತಕ್ಕೆ ಸಮುದ್ರ ಹಿಂದೆ ಸರಿದಾಗ, ಕಣ್ಣು ಹಾಯುವಷ್ಟು ದೂರ ಬಯಲು ತೆರೆದುಕೊಳ್ಳುತ್ತದೆ. ಮೇಲೆ ಸಮುದ್ರದ ಹುಲ್ಲು, ಕೆಳಗೆ ಕೆಸರು, ಕೆಸರೊಳಗೆ ಚಿಪ್ಪು. ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿ ಬರಿಗಾಲಲ್ಲಿ ನಡೆದರೆ ಎಲ್ಲಿ ಕೈ ಹಾಕಬೇಕೆಂದು ಅಂಗಾಲೇ ಹೇಳುತ್ತದೆ. ಗಂಡಸರ ದೋಣಿ ಬರಿದಾಗಿ ಬಂದ ದಿನವೂ ಬಯಲು ನಮ್ಮನ್ನು ಬರಿಗೈಯಲ್ಲಿ ಕಳಿಸಿದ್ದಿಲ್ಲ. ನನ್ನ ಗಂಡ ಸೆಬುವಿನಲ್ಲಿ ಗಾರೆ ಕೆಲಸಕ್ಕೆ ಹೋದವನು ನೆನಪಾದಾಗ ದುಡ್ಡು ಕಳಿಸುತ್ತಾನೆ. ಅತ್ತೆ, ನಾನು, ಮಕ್ಕಳು ಉಣ್ಣುವುದು ಬಯಲಿನ ಚಿಪ್ಪನ್ನೇ. ಬೇಯಿಸಿ, ವಿನೆಗರ್ ಹಾಕಿ, ಅನ್ನದ ಜೊತೆ. ಉಳಿದದ್ದನ್ನು ಮಾರಿದರೆ ಅಕ್ಕಿ.

ಆ ಬಯಲಿಗೆ ಫೋನ್ ಕಂಪನಿ ಬಂತು. "ಒಂದು ರೀಚಾರ್ಜ್, ಒಂದು ಸಸಿ" ಎಂಬುದು ಅವರ ವ್ರತ. ಮನಿಲಾದಲ್ಲಿ ಯಾರೋ ಫೋನಿಗೆ ದುಡ್ಡು ಹಾಕಿದರೆ ನಮ್ಮ ಕೆಸರಿನಲ್ಲಿ ಒಂದು ಕಾಂಡ್ಲಾ ಸಸಿ ಏಳಬೇಕು. "ಅಲ್ಲಿ ಗಂಡ ಹೆಂಡ್ತಿ ಜಗಳ ಆಡಿದಷ್ಟೂ ಇಲ್ಲಿ ಗಿಡ ಜಾಸ್ತಿ," ಎಂದು ಉರ್ಬಕ್ಕ ನಗಾಡುತ್ತಿದ್ದಳು. ಕಾಂಡ್ಲಾ ಬೆಳೆಯುವ ಜಾಗ ಅಳಿವೆಯ ಆಚೆ ದಂಡೆ. ಅದನ್ನು ಕಪಿತಾನನ ಅಪ್ಪನ ಕಾಲದಲ್ಲೇ ಬೋಳಿಸಿ ಮೀನುಹೊಂಡ ಮಾಡಿದ್ದರು. ಬೆಳೆಯುವ ಜಾಗ ಕಪಿತಾನನದು, ಬೆಳೆಯದ ಜಾಗ ನಮ್ಮದು. ಸಸಿಗಳು ನಮ್ಮಲ್ಲಿಗೆ ಬಂದವು.

ವರ್ಷಕ್ಕೊಮ್ಮೆ ಕಂಪನಿಯ ಹುಡುಗ ಹುಡುಗಿಯರು ಹಸಿರು ಅಂಗಿ ತೊಟ್ಟು ಬಸ್ಸಿನಲ್ಲಿ ಬರುತ್ತಿದ್ದರು. ಸಸಿ ನೆಟ್ಟು, ಕೆನ್ನೆಗೆ ಅಷ್ಟು ಕೆಸರು ಮೆತ್ತಿಕೊಂಡು, ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಭರತಕ್ಕೆ ಆಳು ಮುಳುಗುವ ಜಾಗದಲ್ಲಿ ಎಳೆ ಸಸಿ ಎಷ್ಟು ದಿನ ಉಸಿರು ಹಿಡಿದೀತು? ಮಳೆಗಾಲ ಬರುವಷ್ಟರಲ್ಲಿ ಎಲ್ಲ ಒಣಕಲು ಕಡ್ಡಿ. ಇದು ಯಾರಿಗೂ ತಿಳಿಯದ ಸಂಗತಿಯಲ್ಲ. ಸತ್ತರೆ ತಾನೇ ಮುಂದಿನ ವರ್ಷ ನೆಡಲು ಜಾಗ ಖಾಲಿ ಇರುವುದು? ನಮಗೂ ಗೊತ್ತಿತ್ತು. ನೆಟ್ಟ ದಿನ ಅಕ್ಕಿ, ಸಾರ್ಡಿನ್ ಡಬ್ಬಿ, ನೂಡಲ್ಸ್ ಪೊಟ್ಟಣ ಕೊಡುತ್ತಿದ್ದರು. ನಾವು ತಿಂದು ಸುಮ್ಮನಿದ್ದೆವು.

ಅವರು ಬಿಟ್ಟುಹೋದ ಬ್ಯಾನರುಗಳು ಒಳ್ಳೆಯ ಮಾಲು. ಮಳೆ ತಡೆಯುತ್ತವೆ. ಊರಿನ ಕಕ್ಕಸುಗಳ ಮೇಲೆಲ್ಲ ಕಂಪನಿಯ ಅಧ್ಯಕ್ಷರು ಮಲಗಿಕೊಂಡು ಆಕಾಶ ನೋಡಿ ನಗುತ್ತಿದ್ದರು. ನಮ್ಮ ಹಂದಿಗೂಡಿಗೆ ಅವರ ಒಂದು ಕಣ್ಣು, ಅರ್ಧ ಮೂಗು ಬಂದಿತ್ತು.

ಈ ವರ್ಷ ಅಧ್ಯಕ್ಷರೇ ಬರುವವರಿದ್ದರು. ಸಸಿ ನೆಡಲಿಕ್ಕಲ್ಲ, ಕಾಡು ನೋಡಲಿಕ್ಕೆ. ಐದು ವರ್ಷದಿಂದ ನೆಟ್ಟಿದ್ದು ಇಷ್ಟೊತ್ತಿಗೆ ಕಾಡಾಗಿರಬೇಕು ಎಂದು ವಿದೇಶದ ಯಾರೋ ಅವರಿಗೆ ಬಹುಮಾನ ಕೊಟ್ಟಿದ್ದರು. ಕೊಟ್ಟವರೂ ಜೊತೆಗೆ ಬರುತ್ತಿದ್ದರು.

ಸುದ್ದಿ ತಂದವಳು ಮ್ಯಾಮ್ ಟ್ರಿಕ್ಸಿ. ಕಂಪನಿಯಲ್ಲಿ ಸಮಾಜಸೇವೆ ನೋಡಿಕೊಳ್ಳುವ ಹುಡುಗಿ, ಕೆಟ್ಟವಳಲ್ಲ. ಬಯಲಿನ ಕಡ್ಡಿಗಳನ್ನು ನೋಡಿ ಬೋರಲು ಹಾಕಿದ ದೋಣಿಯ ಮೇಲೆ ಕುಸಿದು ಕೂತಳು. ಅತ್ತೆ ಎಳನೀರು ಕೊಟ್ಟರೆ ಅದನ್ನೂ ಕುಡಿಯದೆ ಕೈಯಲ್ಲೇ ಹಿಡಿದುಕೊಂಡಳು.

"ಒಂದು ಬೆಳಿಗ್ಗೆ ಮಟ್ಟಿಗೆ ಅಷ್ಟೆ, ಮಾನಾಂಗ್. ಒಂದಿಷ್ಟು ಗಿಡ ತಂದು ನಿಲ್ಲಿಸಿ. ನೀವು ಪವಿತ್ರ ವಾರದಲ್ಲಿ ಯೇಸು ಸ್ವಾಮಿ ನಾಟಕ ಆಡ್ತೀರಲ್ಲ, ಹಾಗೆ ಅಂದ್ಕೊಳ್ಳಿ."

"ಆ ನಾಟಕದಲ್ಲಿ ಸತ್ತೋನು ಮೂರನೇ ದಿನ ಎದ್ದು ಬತ್ತಾನೆ ಮಗ," ಎಂದಳು ಉರ್ಬಕ್ಕ. "ಇವು ಎದ್ದಾವಾ?"

"ಮೂರನೇ ದಿನಕ್ಕೆ ಅವರು ಮನಿಲಾದಲ್ಲಿರ್ತಾರೆ," ಎಂದಳು ಟ್ರಿಕ್ಸಿ.

ಹಾಗೆ ನಾವು ಕಾಡು ಕಡಿದು ಕಾಡು ನೆಟ್ಟೆವು. ಕಡಿದ ಕಾಂಡಗಳನ್ನು ದೋಣಿಯಲ್ಲಿ ತಂದು, ಹಾರೆಯಿಂದ ಕೆಸರಿಗೆ ತೂತು ಹಾಕಿ ಹೂಳಿದೆವು. ನೆಡುವಾಗ ಎಷ್ಟು ಚಿಪ್ಪು ಪುಡಿಯಾಯಿತೋ. ಹಾರೆ ಇಳಿದಾಗ ಕೈಗೆ ತಿಳಿಯುತ್ತಿತ್ತು. ಸಾಲು ತಪ್ಪಿದರೆ ಕಪಿತಾನ್ ಬೈಯುತ್ತಿದ್ದ. ನೆಟ್ಟಗೆ ಸಾಲಾಗಿದ್ದರೆ ಟ್ರಿಕ್ಸಿ, "ಸ್ವಲ್ಪ ಅಡ್ಡಾದಿಡ್ಡಿ ಮಾಡಿ, ಸಹಜವಾಗಿ ಕಾಣಬೇಕು," ಎಂದು ಮತ್ತೆ ಕೀಳಿಸುತ್ತಿದ್ದಳು.

ಗಂಡಸರು ಸುತ್ತ ಬಿದಿರು ಗೂಟ ಹುಗಿಯತೊಡಗಿದಾಗಲೇ ನಮಗೆ ಅನುಮಾನ ಬಂದದ್ದು.

"ಬೇಲಿ ಯಾಕೆ ಕಪಿತಾನ್?" ಎಂದು ನಾನು ಕೇಳಿದೆ.

"ಕಾಡು ಅಂದ್ಮೇಲೆ ಬೇಲಿ ಬೇಡ್ವಾ? ಅಧ್ಯಕ್ಷರು ಬೋರ್ಡಿನ ಪರದೆ ಬಿಚ್ತಾರೆ. ಆವತ್ತಿಂದ ಇದು ಕಂಪನಿ ಕಾಡು. ಒಳಗೆ ಕಾಲಿಟ್ಟರೆ ಕೇಸು. ನಾನು ಸೈನ್ ಹಾಕಾಯ್ತು."

"ಚಿಪ್ಪು?"

"ಚಿಪ್ಪು ಚಿಪ್ಪು ಅಂತ ಸಾಯ್ತೀಯಲ್ಲೇ ತಿನಾಯ್. ಡಬ್ಬಿ ಮೀನು ಕೊಡ್ತಾರಲ್ಲ, ತಿನ್ನು. ಜನ್ಮ ಪೂರ್ತಿ ಕೆಸರು ನೆಕ್ಕಬೇಕೂಂತ ಏನಾರ ಹರಕೆ ಹೊತ್ತಿದ್ದೀಯಾ?"

ನಾವೆಲ್ಲ ಟ್ರಿಕ್ಸಿಯ ಹತ್ತಿರ ಹೋದೆವು. ಅವಳು ಸಮಾಧಾನದಿಂದಲೇ ಹೇಳಿದಳು. ಹಳೇ ಬ್ಯಾನರುಗಳಿಂದ ಚೀಲ ಹೊಲಿಯುವುದನ್ನು ಕಂಪನಿ ನಮಗೆ ಕಲಿಸುತ್ತದಂತೆ. ಮನೆಗೊಂದು ಫೋನು ಕೊಡುತ್ತದಂತೆ. ಬಿರುಗಾಳಿ ಬರುವ ಮುಂಚೆಯೇ ಅದರಲ್ಲಿ ಎಚ್ಚರಿಕೆ ಬರುತ್ತದಂತೆ.

"ಊರಲ್ಲಿ ಸಿಗ್ನಲ್ ಎಲ್ಲೈತೆ ಮ್ಯಾಮ್?" ಎಂದೆ. ಕಂಪನಿಯ ಕಂಬ ಗುಡ್ಡದ ಮೇಲಿದೆ. ಅದು ಮುಖ ಮಾಡಿರುವುದು ಆಚೆ ಬದಿಯ ರೆಸಾರ್ಟಿಗೆ.

"ಗುಡ್ಡದ ಮೇಲೆ ಚೆನ್ನಾಗಿ ಸಿಗುತ್ತೆ."

"ಬಿರುಗಾಳಿ ಬತ್ತದೆ ಅಂತ ತಿಳ್ಕಳಕ್ಕೆ ಬಿರುಗಾಳೀಲಿ ಗುಡ್ಡ ಹತ್ತಬೇಕು," ಎಂದಳು ಉರ್ಬಕ್ಕ. "ಆಗ್ಲಿ. ಬಯಲಿಗೆ ಹೋಗಂಗಿಲ್ಲ ಅಂತಾರಲ್ಲ, ಅದು ನಿಜವಾ?"

"ಮಾನಾಂಗ್, ನೀವು ಈ ಕಾಡಿನ ತಾಯಂದಿರು. ಫಲಕದಲ್ಲಿ ಹಾಗೇ ಬರೆಸಿದ್ದೀವಿ."

"ತಾಯಿ ಒಳಗೆ ಹೋಗ್ಬೋದಾ?"

"ಹೊರಗಿನಿಂದ ನೋಡಬಹುದು."

ಉರ್ಬಕ್ಕ ನಮ್ಮ ಕಡೆ ತಿರುಗಿ, "ನಡೀರಿ," ಎಂದಳು. ಬಿರುಗಾಳಿ ಬಂದುಹೋದ ಮೇಲೆ ಸರ್ಕಾರದ ಅಕ್ಕಿ, ತಗಡು ಯಾರ ಮನೆಗೆ ಹೋಗಬೇಕೆಂದು ಹೇಳುವವನು ಕಪಿತಾನ್. ದಾರಿಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಎತ್ತದೆಯೂ ಎಲ್ಲರಿಗೂ ಕೇಳಿಸುತ್ತಿತ್ತು.

ಅಧ್ಯಕ್ಷರು ಬರುವ ದಿನ ಕಕ್ಕಸುಗಳ ಮೇಲಿನ ಅಧ್ಯಕ್ಷರನ್ನೆಲ್ಲ ಕಪಿತಾನ್ ಬೆಳಗಾಗುತ್ತಲೇ ಇಳಿಸಿದ. ದಡದಲ್ಲಿ ಶಾಮಿಯಾನ, ಧ್ವನಿವರ್ಧಕ, ಸುಟ್ಟ ಇಡೀ ಹಂದಿ. ಇಳಿತಕ್ಕೆ ಸರಿಯಾಗಿ ಕಾರ್ಯಕ್ರಮ ಇಟ್ಟಿದ್ದರು. ಹೂಳಿದ ಗಿಡಗಳ ಎಲೆಗಳು ಆಗಲೇ ಬಾಡಿ ಅಂಚು ಸುರುಟಿಕೊಂಡಿದ್ದವು. ದೂರದಿಂದ ನೋಡಿದರೆ ಕಾಡೇ. ಪಾದ್ರಿಗಳು ಬೇಲಿಯಂಚಿಗೆ ಬಂದು ತೀರ್ಥ ಚಿಮುಕಿಸಿದರು.

"ಫಾದರ್, ಇವು ಸತ್ತವೆ," ಎಂದಳು ಉರ್ಬಕ್ಕ ಮೆಲ್ಲಗೆ.

"ನಂಬಿಕೆ ಇಡಮ್ಮ," ಎಂದು ಅವರು ಅವಳ ತಲೆಗೂ ಎರಡು ಹನಿ ಹಾಕಿ ಹಂದಿಯ ಕಡೆ ನಡೆದರು.

ನಮಗೆ ಹಸಿರು ಅಂಗಿ ತೊಡಿಸಿ, ಹಾಡು ಕಲಿಸಿ, ಶಾಮಿಯಾನದ ಪಕ್ಕ ಸಾಲಾಗಿ ನಿಲ್ಲಿಸಿದ್ದರು. ಅಧ್ಯಕ್ಷರು ಬಂದಾಗ ನನಗೆ ಬಹಳ ದಿನದ ಪರಿಚಯದವರನ್ನು ಕಂಡ ಹಾಗಾಯಿತು. ಬ್ಯಾನರಿನಲ್ಲಿದ್ದುದಕ್ಕಿಂತ ಕುಳ್ಳು. ಹಿಂದೆ ಇಬ್ಬರು ಬಿಳಿಯರು. ಹಾಡು ಶುರುವಾಯಿತು. ಸಾಲಿನಲ್ಲಿ ನನ್ನ ಎಡಕ್ಕೆ ಇರಬೇಕಾದ ಉರ್ಬಕ್ಕ ಇರಲಿಲ್ಲ.

ಅವಳು ಬೇಲಿಯೊಳಗಿದ್ದಳು. ಹಸಿರು ಅಂಗಿ ತೊಟ್ಟೇ, ಸೊಂಟಕ್ಕೆ ಬುಟ್ಟಿ ಕಟ್ಟಿ, ಗಿಡಗಳ ನಡುವೆ ಬಗ್ಗಿ ಚಿಪ್ಪು ಆರಿಸುತ್ತಿದ್ದಳು. ದಿನವೂ ಮಾಡುವ ಹಾಗೆ.

ಕಪಿತಾನ್ ಹಲ್ಲು ಕಚ್ಚಿ, "ಯಾವಳೇ ಅವಳನ್ನ ಬಿಟ್ಟೋಳು?" ಎಂದ. ಆದರೆ ಅಧ್ಯಕ್ಷರು ಆಗಲೇ ನೋಡಿದ್ದರು. "ಯಾರವರು?"

ಟ್ರಿಕ್ಸಿ ಅವಸರದಿಂದ ಮುಂದೆ ಬಂದಳು. "ಕಾಡಿನ ತಾಯಿ, ಸರ್. ಕಾಡು ಬಂದಮೇಲೆ ಚಿಪ್ಪು ಹೆಚ್ಚಾಗಿದೆ ಅಂತ ತೋರಿಸ್ತಿದ್ದಾರೆ."

ಅಧ್ಯಕ್ಷರಿಗೆ ಬಹಳ ಹಿಡಿಸಿತು. ಉದ್ದ ಬೂಟು ತರಿಸಿ ಹಾಕಿಕೊಂಡು ಕೆಸರಿಗೆ ಇಳಿದೇಬಿಟ್ಟರು. ಬಿಳಿಯರು ಹಿಂದೆ, ಕ್ಯಾಮೆರಾದವರು ಮುಂದೆ. ಉರ್ಬಕ್ಕನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಈ ಕಾಡು ನಿಮ್ಮ ಬದುಕನ್ನು ಹೇಗೆ ಬದಲಾಯಿಸಿತು ಅಂತ ಹೇಳಿ ತಾಯಿ," ಎಂದರು.

"ಒಂಚೂರು ಸರೀರಿ ಸರ್. ನಿಮ್ಮ ಕಾಲಡಿ ಚಿಪ್ಪೈತೆ."

ಅವರು ನಕ್ಕು ಸರಿದರು. ಉರ್ಬಕ್ಕ ಅಲ್ಲಿ ಕೈ ಹಾಕಿದಳು. ಗಿಡ ಅಡ್ಡ ಬಂತು. ಒಂದು ಕೈಯಲ್ಲಿ ಅದನ್ನು ಕಿತ್ತು, "ಹಿಡ್ಕಳಿ," ಎಂದು ಅವರ ಕೈಗೆ ಕೊಟ್ಟು ಚಿಪ್ಪನ್ನು ತೆಗೆದು ಬುಟ್ಟಿಗೆ ಹಾಕಿಕೊಂಡಳು.

ಅಧ್ಯಕ್ಷರು ಆ ಗಿಡವನ್ನು ಹಿಡಿದುಕೊಂಡೇ ಎದ್ದು ನಿಂತರು. ಬುಡದಲ್ಲಿ ಕತ್ತಿಯ ಓರೆ ಗಾಯ ಕೆಂಪಗಿತ್ತು. ಬಿಳಿಯರಲ್ಲಿ ಹೆಂಗಸಾದವಳು ಏನೋ ಕೇಳಿದಳು. ಅಧ್ಯಕ್ಷರು ಮೆಲ್ಲಗೆ, "ಇದರ ಬೇರು ಎಲ್ಲಿ?" ಎಂದರು.

"ಅಳಿವೆ ಬಾಯಲ್ಲಿ ಅವೆ ಸರ್. ಎಲ್ಲಾದ್ರವೂ ಅಲ್ಲೇ ಅವೆ. ಹೋಗೋವಾಗ ದೋಣಿ ಆ ಕಡೆ ಬುಡಿ, ನೋಡ್ಬೋದು."

ಕ್ಯಾಮೆರಾದವರು ಕ್ಯಾಮೆರಾ ಇಳಿಸಿದರು. ಅಧ್ಯಕ್ಷರಿಗೆ ಆ ಗಿಡವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ, ನೆಡುವಂತಿಲ್ಲ, ಎಸೆಯುವಂತಿಲ್ಲ. ಹೆಗಲಿಗೆ ಒರಗಿಸಿಕೊಂಡೇ ಗಡಿಯಾರ ನೋಡಿ, "ಸಮುದಾಯದ ಜೊತೆ ಮುಕ್ತ ಸಂವಾದ ನಡೆಯುತ್ತಿರುವುದು ಸಂತೋಷ," ಎಂದು ಹೇಳಿ ದಡದತ್ತ ತಿರುಗಿದರು.

ಅವರು ನಾಲ್ಕು ಹೆಜ್ಜೆ ಹೋಗುವುದನ್ನೇ ಕಪಿತಾನ್ ಕಾಯುತ್ತಿದ್ದ. ನೇರ ಬಂದವನೇ ಉರ್ಬಕ್ಕನ ಬುಟ್ಟಿಗೆ ಒದ್ದ. ಹಗ್ಗ ಕಿತ್ತು ಬುಟ್ಟಿ ಮಗುಚಿತು. ಅವಳೂ ಅಂಗೈ ಊರಿ ಕೆಸರಿಗೆ ಬಿದ್ದಳು.

"ಬೋಳಿಮುಂಡೆ. ಗಂಡನ್ನ ತಿಂದಿದ್ದು ಸಾಲ್ದಾ? ಊರನ್ನೂ ತಿಂತೀಯಾ?"

ಉರ್ಬಕ್ಕ ಮುಖ ಒರೆಸಿಕೊಳ್ಳಲಿಲ್ಲ. ಬುಟ್ಟಿಯನ್ನು ನೆಟ್ಟಗಿಟ್ಟು ಚೆಲ್ಲಿದ ಚಿಪ್ಪುಗಳನ್ನು ಒಂದೊಂದಾಗಿ ನೀರಲ್ಲಿ ಅದ್ದಿ ತೊಳೆದು ಒಳಗೆ ಹಾಕತೊಡಗಿದಳು.

ನಾನು ಸಾಲು ಬಿಟ್ಟು ಯಾವಾಗ ಇಳಿದೆನೋ ಗೊತ್ತಿಲ್ಲ. ಬೇಲಿಯ ಗೂಟ ಮೊದಲು ಕೈಗೆ ಸಿಕ್ಕಿತು, ಅದನ್ನು ಕಿತ್ತೆ. ಆಮೇಲೆ ಒಂದು ಗಿಡ. ನಾನೇ ಹೂಳಿದ್ದು, ಸುಲಭವಾಗಿ ಬಂತು. ಅದಿದ್ದ ತೂತಿನಲ್ಲಿ ಕೈ ಹಾಕಿ ತಡಕಿದೆ. ಪಕ್ಕದಲ್ಲಿ ಇನ್ನೊಬ್ಬಳು, ಅವಳಾಚೆ ಮತ್ತೊಬ್ಬಳು. ಹಸಿರು ಅಂಗಿಗಳೆಲ್ಲ ಬಗ್ಗಿದವು. ಧ್ವನಿವರ್ಧಕದಲ್ಲಿ ಮಾತ್ರ ನಾವು ಮುಂಚೆಯೇ ಹಾಡಿ ರೆಕಾರ್ಡ್ ಮಾಡಿಸಿದ್ದ ಹಾಡು ನಡೆಯುತ್ತಲೇ ಇತ್ತು.

"ನಿಮ್ಮನ್ನೆಲ್ಲ ಜೈಲಿಗೆ ಹಾಕುಸ್ತೀನಿ. ಒಬ್ಬಳಿಗೂ ಒಂದು ತಗಡು ಸಿಗಲ್ಲ ಈ ಸಲ, ಒಂದು ಕಾಳು ಅಕ್ಕಿ ಸಿಗಲ್ಲ," ಎನ್ನುತ್ತ ಕಪಿತಾನ್ ನಮ್ಮ ನಡುವೆ ಅತ್ತಿತ್ತ ಓಡಾಡಿದ. ಯಾರ ಕೈ ಹಿಡಿಯಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಫೋನು ಹಿಡಿದು ದಡ ಹತ್ತಿ ಗುಡ್ಡದ ಕಡೆ ಓಡಿದ.

ಶಾಮಿಯಾನ ಖಾಲಿಯಾಯಿತು. ಅರ್ಧ ತಿಂದ ಹಂದಿಯ ಮೇಲೆ ನೊಣ ಕೂತವು. ಭರತದ ನೀರು ತಿರುಗಿ ಬರಲು ಇನ್ನೂ ಸ್ವಲ್ಪ ಹೊತ್ತಿರುವಾಗ ಭೂಶಿರದ ಆಚೆಯಿಂದ ಪೊಲೀಸರ ಮೋಟಾರು ದೋಣಿಯ ಸದ್ದು ಕೇಳಿಸಿತು. ಉರ್ಬಕ್ಕ ಒಮ್ಮೆ ಅತ್ತ ಕಿವಿಗೊಟ್ಟು, "ಬುಟ್ಟಿ ತುಂಬಲಿ," ಎಂದಳು. ಸದ್ದು ಹತ್ತಿರವಾಯಿತು. ನಾವು ಬೆನ್ನೆತ್ತಲಿಲ್ಲ.