ಐಪೋರ್ ತಂದ ಮರಿಗೆ

ಮರದಲ್ಲಿ ಕೆತ್ತಿದ, ಊಟ ಬಡಿಸುವ ದೊಡ್ಡ ಮರಿಗೆಯೊಂದಕ್ಕೆ ಬೆಲೆ ಕೋರೆ ಬಾಗಿದ ಹಂದಿ. ನಡುಗಾತ್ರದ್ದಕ್ಕೆ ಕೋರೆ ಇನ್ನೂ ಹೊರಬರದ ಹಂದಿ, ಮೇಲೆರಡು ಚಾಪೆ. ಚಿಕ್ಕದಾದರೆ ಒಂದು ನಾಯಿ ಸಾಕು. ಆ ಕರಾವಳಿಯಲ್ಲಿ ಈ ಲೆಕ್ಕ ಗೊತ್ತಿಲ್ಲದವರಿಲ್ಲ. ಬಾಯಿಬಿಟ್ಟು ಹೇಳುವವರೂ ಇಲ್ಲ. ಗೆಳೆಯರ ನಡುವಿನ ಕೊಡುಕೊಳ್ಳುವಿಕೆಯಲ್ಲಿ ಮೊದಲು ಬೆಲೆ ಎತ್ತಿದವನು ಸಣ್ಣವನಾಗುತ್ತಾನೆ.

ಗಲಿಯಾಳ ತಲೆ ಕೆಟ್ಟಿದ್ದೇ ಅದರಿಂದ. ದ್ವೀಪದಿಂದ ಐಪೋರ್ ಬಂದು ಒಂಬತ್ತು ದಿನವಾಗಿತ್ತು, ಜೊತೆಗೆ ದೋಣಿಯ ನಾಲ್ವರು. ಅವನೇ ಕೆತ್ತಿದ ದೊಡ್ಡ ಮರಿಗೆ ಒಣ ಎಲೆ ಸುತ್ತಿಕೊಂಡು ಜಗಲಿಯಲ್ಲಿತ್ತು. ಅವಳ ಗಂಡ ನಾಕೆ ಅದರತ್ತ ತಿರುಗಿ ನೋಡುತ್ತಿರಲಿಲ್ಲ. ಐಪೋರ್ ಹಂದಿಗಳತ್ತ ನೋಡುತ್ತಿರಲಿಲ್ಲ. ಇಬ್ಬರೂ ಅಡಿಕೆ ಜಗಿಯುತ್ತ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮಾತಾಡುತ್ತಿದ್ದರು.

ಹುಣ್ಣಿಮೆಗೆ ಚೊಚ್ಚಲ ಮಗಳು ಲೂಮಿಯ ಕಿವಿ ಚುಚ್ಚುವ ಔತಣ. ಚುಚ್ಚುವ ಸೋದರಮಾವನ ಪಾಲಿನ ಮಾಂಸ ದ್ವೀಪದ ಮರಿಗೆಯಲ್ಲೇ ಹೋಗಬೇಕು, ಮರಿಗೆಯೂ ಅವನಿಗೇ. ಎಲೆಯ ಮೇಲಿಟ್ಟು ಕೊಟ್ಟರೆ ಲೂಮಿ ಮುದುಕಿಯಾದರೂ ಊರು ಆಡಿಕೊಳ್ಳುತ್ತದೆ. ಆದರೆ ನೋಡದಂತಿದ್ದರೂ ಐಪೋರನ ಕಣ್ಣಿದ್ದದ್ದು ಔತಣಕ್ಕೆಂದೇ ಅವಳು ಐದು ವರ್ಷ ಸಾಕಿದ ಕೋರೆ ಬಾಗಿದ ಹಂದಿಯ ಮೇಲೆ. ಅದನ್ನು ಕೊಟ್ಟರೆ ಮರಿಗೆಯಲ್ಲಿ ಹಾಕಲು ಮಾಂಸವೆಲ್ಲಿ?

"ಲೂಮಿ ಅಪ್ಪಾ, ಹುಣ್ಣಿಮೆಗೆ ಇನ್ನು ಮೂರೇ ದಿನ. ಇವತ್ತಾದ್ರೂ ಐಪೋರಣ್ಣನ ಹತ್ರ ಬೆಲೆ ಕೇಳು" ಎಂದಳು ಒಲೆಯ ಬಳಿ.

"ನಾನ್ಯಾಕೆ ಕೇಳ್ಲಿ? ಅವನೇ ಹೇಳ್ಲಿ."

"ಅವನು ನೀನು ಹೇಳ್ಲಿ ಅಂತ ಕೂತಿದಾನೆ. ನೀವಿಬ್ರೂ ಕೂತು ಕೂತು ಬೇರು ಬಿಡ್ತೀರಿ. ನನ್ನ ಕೆಸುವಿನ ತೋಟ ಮಾತ್ರ ಬೇರು ಸಮೇತ ಖಾಲಿ ಆಗ್ತಿದೆ."

"ಹೆಂಗಸರಿಗೆ ಗೆಳೆತನ ಅರ್ಥ ಆಗಲ್ಲ."

"ಹೌದಪ್ಪ. ಅಡುಗೆ ಮಾಡೋದು ಮಾತ್ರ ಅರ್ಥ ಆಗುತ್ತೆ."

ಮಧ್ಯಾಹ್ನ ಅವಳು ಕೆಸುವಿನ ಗೆಡ್ಡೆ ಬೇಯಿಸಿ, ತೆಂಗಿನ ಹಾಲು ಸುರಿದು, ಜಗಲಿಗೆ ಬಂದಳು. ಮರಿಗೆಯ ಎಲೆ ಬಿಚ್ಚಿದಳು. ಕಪ್ಪು ಮೈ, ಅಂಚಿನುದ್ದಕ್ಕೂ ಕೆತ್ತಿ ಸುಣ್ಣ ತುಂಬಿದ ಮೀನುಗಳು, ಚೆನ್ನಾಗಿಯೇ ಇತ್ತು. ಗೆಡ್ಡೆಯನ್ನೆಲ್ಲ ಅದರೊಳಗೆ ಸುರಿದು ಐಪೋರನ ಮುಂದಿಟ್ಟಳು.

ಜಗಿಯುವ ಸದ್ದು ನಿಂತಿತು. ಯಾರ ಒಲೆಯ ಊಟ ಮರಿಗೆಗೆ ಮೊದಲು ಬೀಳುತ್ತದೋ ಮರಿಗೆ ಆ ಮನೆಯದು. ಇನ್ನು ಐಪೋರ್ ಅದನ್ನು ಬೇರೆ ಊರಿಗೆ ಒಯ್ದರೆ ಮುಟ್ಟುವವರಿಲ್ಲ.

"ತಂಗೀ, ಏನು ಮಾಡಿದೆ?"

"ಊಟ ಹಾಕ್ದೆ ಐಪೋರಣ್ಣ. ಐದು ಜನಕ್ಕೆ ಒಂಬತ್ತು ದಿನದಿಂದ ಹಾಕ್ತಿದೀನಿ, ಇದ್ದಬದ್ದ ಪಾತ್ರೆ ಎಲ್ಲ ಮುಗೀತು. ನಿಮ್ಮ ಗೆಳೆತನದ ಮಾತು ನಂಗೆ ಗೊತ್ತಾಗಲ್ಲ ಅಂತ ಇವರೇ ಹೇಳಿದ್ರು."

ನಾಕೆ ಮುಖ ಮುಚ್ಚಿಕೊಂಡ. ದೋಣಿಯವರಲ್ಲಿ ಒಬ್ಬ ನಗು ತಡೆಯಲಾರದೆ ಎದ್ದು ಹೋದ. ಐಪೋರ್ ಮರಿಗೆಯ ಅಂಚಿನ ಮೀನುಗಳ ಮೇಲೆ ಬೆರಳಾಡಿಸಿದ.

"ಒಂದು ತಿಂಗಳು ಕೆತ್ತಿದೀನಿ ಇದನ್ನ."

"ನಾನು ಹಂದಿ ಸಾಕಿರೋದು ಐದು ವರ್ಷ. ಹುಣ್ಣಿಮೆಗೆ ಅದು ನನ್ನ ಮಗಳ ಔತಣಕ್ಕೆ, ನೀನೂ ಇದ್ದು ತಿಂದು ಹೋಗು. ಹೋಗೋವಾಗ ಆ ಇನ್ನೊಂದು ಹಂದಿ ತಗೊಂಡು ಹೋಗು. ಕೋರೆ ಬಂದಿಲ್ಲ, ಆದ್ರೆ ಕೊಬ್ಬಿದೆ. ನಾನು ನೇಯ್ದ ಮೂರು ಚಾಪೆನೂ ನಿಂದೇ."

ಐಪೋರ್ ಒಂದು ತುಂಡು ಗೆಡ್ಡೆ ಬಾಯಿಗೆ ಹಾಕಿಕೊಂಡ.

"ಉಪ್ಪಿಲ್ಲ" ಎಂದ.

"ಅದನ್ನೂ ಕೇಳಿದ್ರೆ ತಾನೆ ಕೊಡೋದು" ಎಂದು ಗಲಿಯಾ ಸಮುದ್ರದ ನೀರು ತರಲು ಹೋದಳು.

ಔತಣ ನಡೆಯಿತು, ಲೂಮಿಯ ಕಿವಿ ಚುಚ್ಚಿದ್ದಾಯಿತು, ಮರಿಗೆ ತುಂಬ ಮಾಂಸ ಅವಳ ಸೋದರಮಾವನ ಮನೆ ಸೇರಿತು. ಮರಿಗೆಗಾಗಿ ಹೋದದ್ದು ಒಂದು ಹಂದಿ, ಮೂರು ಚಾಪೆ, ಕೆಸುವಿನ ಅರ್ಧ ತೋಟ. ಮುಂದಿನ ವರ್ಷ ಐಪೋರನ ದೋಣಿ ಪಕ್ಕದ ಊರಿನಲ್ಲಿ ನಿಂತಿತು. ನಾಕೆಗೆ ಆ ಗೆಳೆಯ ಮತ್ತೆ ಸಿಗಲಿಲ್ಲ.