ಬಾಗಿಲಿಗೆ ಸಿಕ್ಕ ಬೆರಳು

ಸುದ್ದಿ ಬಂದಾಗ ಅವಳು ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿಬಂದಳು. ಅವಳ ಗಂಡ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವನು. ಅಜ್ಜಿಕಥೆಯ ರಾಕ್ಷಸನ ಹಾಗೆ ದಿನವಿಡೀ ಬಾಯಿ ತೆರೆದು ಮುಚ್ಚುವ ಆ ಯಂತ್ರ, ಇವತ್ತು ರಟ್ಟಿನ ಜೊತೆ ಅವನ ಬಲಗೈಯ ಎರಡು ಬೆರಳನ್ನೂ ತಿಂದುಹಾಕಿತ್ತು.

ಅವನು ಮಂಚದ ಮೇಲೆ ಸುಣ್ಣದ ಹಾಗೆ ಬಿಳಿಚಿಕೊಂಡು ಕೂತಿದ್ದ. ಪಕ್ಕದಲ್ಲಿ ಕಾರ್ಖಾನೆಯ ಮೇಸ್ತ್ರಿ. ಅವಳಿಗೆ ಸಂಬಂಧದಲ್ಲಿ ಚಿಕ್ಕಪ್ಪ. ಈ ಕೆಲಸ ಕೊಡಿಸಿದವನೂ ಅವನೇ.

ನರ್ಸಮ್ಮ ದಾಖಲೆ ಪುಸ್ತಕ ತೆರೆದು ಕೇಳಿದರು, "ಎಲ್ಲಿ ಆಯ್ತು ಇದು?"

"ಮನೇಲಿ," ಎಂದ ಗಂಡ, ನೆಲ ನೋಡುತ್ತಾ. "ಬಾಗಿಲಿಗೆ ಸಿಕ್ಕಿಕೊಳ್ತು."

ಅವಳು ಕೈಯಲ್ಲಿದ್ದ ಅಂಗಿಯನ್ನು ಮಂಚದ ಮೇಲೆ ಹಾಕಿದಳು. "ಯಾವ ಬಾಗಿಲು ರೀ? ನಮ್ಮನೆ ಬಾಗಿಲಿಗೆ ಅಷ್ಟು ತಾಕತ್ತಿದ್ದಿದ್ರೆ ಪಕ್ಕದ್ಮನೆ ಬೆಕ್ಕು ದಿನಾ ಒಳಗೆ ಬರ್ತಿತ್ತಾ?"

"ಸುಮ್ನಿರಮ್ಮ," ಮೇಸ್ತ್ರಿ ಪಿಸುಗುಟ್ಟಿದ. "ಮಾಲೀಕರ ಹೆಸರು ಯಾಕೆ ಕೆಡಿಸೋದು. ಎಲ್ಲಾ ನೋಡ್ಕೊಳ್ತೀನಿ ಅಂತ ಬಾಯಿಮಾತು ಕೊಟ್ಟಿದ್ದಾರೆ."

ನರ್ಸಮ್ಮ ಪೆನ್ನು ಪಕ್ಕಕ್ಕಿಟ್ಟರು. ಗಾಯ ತೊಳೆಯುತ್ತಾ ಒಂದು ಕಂದು ಚೂರನ್ನು ಇಕ್ಕಳದಲ್ಲಿ ಎತ್ತಿ ತೋರಿಸಿದರು.

"ನಿಮ್ಮನೆ ಬಾಗಿಲು ರಟ್ಟಿಂದಾ ಅಣ್ಣಾ?"

ಚೂರನ್ನು ತಟ್ಟೆಗೆ ಹಾಕಿ ನರ್ಸಮ್ಮನೇ ಮತ್ತೆ ಕೇಳಿದರು.

"ಕಾರ್ಖಾನೇಲಿ ವಿಮೆ ಮಾಡಿಸಿದ್ದಾರಾ?"

"ಮಾಡಿಸಿದ್ದಾರಂತೆ. ಅದು ಸತ್ತವರಿಗಲ್ವಾ ಸಿಸ್ಟರ್? ನಾನಿನ್ನೂ ಇದ್ದೀನಲ್ಲ."

"ಇರೋರಿಗೇ ಅದು ಮೊದಲು ಬೇಕಾಗೋದು. ಕೆಲಸದಲ್ಲಿ ಪೆಟ್ಟಾದ್ರೆ ಚಿಕಿತ್ಸೆ, ಮನೇಲಿ ಮಲಗಿರೋ ದಿನಗಳ ಸಂಬಳ, ಹೋದ ಬೆರಳಿಗೆ ಪರಿಹಾರ, ಎಲ್ಲಾ ಕೇಳಬಹುದು. ಆದ್ರೆ ನಾನಿಲ್ಲಿ 'ಮನೇಲಿ' ಅಂತ ಬರೆದ್ರೆ, ನಾಳೆ ವಿಮೆಯವರು ನೋಡೋದು ಈ ಪುಸ್ತಕಾನೇ. ಮನೇಲಿ ಆದ ಗಾಯ ನಮ್ಮದಲ್ಲ ಅಂತಾರೆ."

"ಅದೊಂದು ಮಾತಿಗೆ?" ಅವಳು ಕೇಳಿದಳು.

"ಅದೊಂದೇ ಮಾತಿಗೆ."

ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಚಿಕ್ಕಪ್ಪಾ, ಇದು ನಿಮಗೆ ಗೊತ್ತಿತ್ತಾ?"

"ಇಲ್ಲ ಮಗಳೇ. ಹಿಂದೆ ಗೋದಾಮಿನ ಏಣಿಯಿಂದ ಬಿದ್ದು ನನ್ನ ಕಾಲು ಮುರಿದಾಗ, ನಾನೂ ಬಚ್ಚಲಲ್ಲಿ ಜಾರಿದೆ ಅಂತಲೇ ಬರೆಸಿದ್ದೆ. ಹಾಗೇ ಹೇಳಬೇಕು ಅಂದ್ಕೊಂಡಿದ್ದೆ."

"ಆಮೇಲೆ ಮಾಲೀಕರು ನೋಡ್ಕೊಂಡ್ರಾ?"

ಮೇಸ್ತ್ರಿ ತನ್ನ ಕುಂಟುಗಾಲನ್ನು ಮಂಚದ ಕೆಳಗೆ ಎಳೆದುಕೊಂಡ. ಆ ಕಾಲು ಬಚ್ಚಲಲ್ಲಿ ಮುರಿದದ್ದೆಂದೇ ಅವಳು ಇಷ್ಟು ವರ್ಷ ನಂಬಿದ್ದಳು.

ಗಂಡ ತಲೆಯೆತ್ತಿದ. "ಕಾರ್ಖಾನೇಲಿ ಅಂತ ಬರೀರಿ ಸಿಸ್ಟರ್. ಕತ್ತರಿಸೋ ಮಿಷನ್ನಲ್ಲಿ. ಬೆಳಿಗ್ಗೆ ಹತ್ತೂವರೆಗೆ."

ಮೇಸ್ತ್ರಿ ಪುಸ್ತಕದ ಕಡೆ ಬಾಗಿದ. "ಕಣ್ಣಾರೆ ಕಂಡವನು ನಾನು. ನನ್ನ ಹೆಸರೂ ಬರ್ಕೊಳ್ಳಿ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನೀವು ಕೆಲಸ ಮಾಡುವಲ್ಲಿ ವಿಮೆ ಇದೆಯೇ ಎಂದು ಇವತ್ತೇ ಕೇಳಿ; ಮನೆಯವರಿಗೂ ತಿಳಿಸಿಡಿ. ಪೆಟ್ಟಾದರೆ ತಡಮಾಡದೆ ಮಾಲೀಕರಿಗೆ ಬರೆದು ಕೊಡಿ, ಒಂದು ನಕಲು ನಿಮ್ಮ ಬಳಿ ಇರಲಿ. ಆಸ್ಪತ್ರೆಯಲ್ಲಿ "ಎಲ್ಲಿ ಆಯ್ತು?" ಎಂದು ಕೇಳಿದಾಗ ಯಾರ ಮುಖವನ್ನೂ ನೋಡಬೇಡಿ. ಎಲ್ಲಿ ಆಯಿತೋ ಅಲ್ಲೇ ಆಯಿತು ಎನ್ನಿ.