ಸರ್ವೆ ಗಿಡದ ಬಕೆಟ್ಟು

ನಾನು ಒಂದು ತಗಡಿನ ಬಕೆಟ್ಟು. ಗದಗಿನ ತಗಡಿನ ಕೆಲಸದವನೊಬ್ಬ ನನ್ನನ್ನು ಬಡಿದು ಬಡಿದು ಮಾಡಿದ. ಹುಟ್ಟುವಾಗಲೇ ಅಷ್ಟು ಪೆಟ್ಟು ತಿಂದವರು ಆಮೇಲೆ ಸುಲಭಕ್ಕೆ ಬೆದರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕತೆಯಲ್ಲಿ ನಾನೂ ಬೆದರಿದ ಸಂಗತಿ ಇದೆ. ನನಗೆ ಕಾಣುವುದು ಮನುಷ್ಯರ ಮೊಣಕಾಲಿನವರೆಗೆ ಮಾತ್ರ. ಮುಖ ಕಾಣಬೇಕಾದರೆ ಅವರೇ ನನ್ನ ಮೇಲೆ ಬಗ್ಗಬೇಕು. ಹಾಗಾಗಿ ನಾನು ಜನರನ್ನು ಅವರ ಕಾಲಿನಿಂದಲೇ ಗುರುತು ಹಿಡಿಯುತ್ತೇನೆ.

ಮೊದಲು ನಾನು ಬೆಟಗೇರಿಯ ಒಂದು ನೇಯ್ಗೆ ಕಾರ್ಖಾನೆಯ ಬಣ್ಣದ ಮನೆಯಲ್ಲಿ ದುಡಿದೆ. ನೂಲಿನ ಲಡಿಗಳನ್ನು ನನ್ನೊಳಗೆ ಅದ್ದಿ ಅದ್ದಿ ನನ್ನ ಒಳಮೈ ನೀಲಿಯಾಯಿತು. ಆ ನೀಲಿ ಇವತ್ತಿಗೂ ಹೋಗಿಲ್ಲ. ತಳ ಸವೆದು ಸೋರತೊಡಗಿದಾಗ ಮೂಲೆಗೆ ಎಸೆದರು. ಅಲ್ಲಿಂದ ನನ್ನನ್ನು ಎತ್ತಿಕೊಂಡವರು ಮಗ್ಗಗಳ ಮೇಸ್ತ್ರಿ ಸಮುವೇಲಪ್ಪ. ತಳಕ್ಕೆ ಬೆಸುಗೆ ಹಾಕಿಸಿ ಮನೆಗೆ ತಂದರು. ಕ್ರಿಸ್ಮಸ್ ಗಿಡ ನಿಲ್ಲಿಸಲು ಅವರಿಗೊಂದು ಗಟ್ಟಿ ಬಕೆಟ್ಟು ಬೇಕಾಗಿತ್ತು.

ಗಿಡವೆಂದರೆ ಸರ್ವೆ ಗಿಡ, ಸೂಜಿಯಂಥ ಎಲೆಯದು. ಆ ಭಾಗದಲ್ಲಿ ಸರ್ವೆ ಬೆಳೆದಿದ್ದದ್ದು ಒಂದೇ ಕಡೆ, ಚರ್ಚಿನ ಸಭೆಯವರ ಗೋರಿಗಳಿರುವ ತೋಟದ ಗೋಡೆಯ ಉದ್ದಕ್ಕೆ. ಸಮುವೇಲಪ್ಪ ಸಭೆಯ ಹಿರಿಯರಾದ್ದರಿಂದ ಪ್ರತಿ ವರ್ಷ ಅಲ್ಲಿಂದ ಒಂದು ಎಳೆಯ ಗಿಡ ಕಡಿದು ತರುತ್ತಿದ್ದರು. ಕಡಿದ ಗಾಯ ದಾರಿಯಲ್ಲಿ ಗಾಳಿ ತಗುಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಮನೆಯಲ್ಲಿ ಬುಡದಿಂದ ಇನ್ನೊಂದು ತೆಳ್ಳನೆಯ ಬಿಲ್ಲೆ ಕೊಯ್ದು, ಕೂಡಲೇ ನನ್ನೊಳಗೆ ನಿಲ್ಲಿಸಿ, ಸುತ್ತ ಕಲ್ಲು ಬಿಗಿದು ನೀರು ಹೊಯ್ಯುತ್ತಿದ್ದರು. ಒಲೆಯ ಶಾಖ ಮತ್ತು ಕಿಟಕಿಯ ಬಿಸಿಲು ತಾಗದ ಮೂಲೆ ನನಗೆ. ನೀರು ಬುಡಕ್ಕಿಂತ ಕೆಳಗಿಳಿದರೆ ಗಿಡದ ಬಾಯಿ ಮತ್ತೆ ಕಟ್ಟುತ್ತದೆ, ಆಮೇಲೆ ಎಷ್ಟು ಹೊಯ್ದರೂ ಕುಡಿಯುವುದಿಲ್ಲ.

ದಿನಾ ಬೆಳಿಗ್ಗೆ ನೀರು ಹಾಕುವ ಕೆಲಸ ಅವರ ಒಬ್ಬಳೇ ಮಗಳು ನವೋಮಿಯದು. ಬಲಗಾಲಿನ ಹೆಬ್ಬೆರಳಲ್ಲಿ ಸದಾ ಒಂದು ಗಾಯ ಇಟ್ಟುಕೊಂಡ ಪುಟ್ಟ ಕಾಲುಗಳು ಅವಳವು. ಒಂದು ಬೆರಳು ಅದ್ದಿ ನೀರು ಎಷ್ಟು ಇಳಿದಿದೆ ನೋಡುವಳು, ತಂಬಿಗೆಯಿಂದ ಹೊಯ್ಯುವಳು, ಕಡೆಗೆ ಒಂದು ಚೂರು ಬೆಲ್ಲ ಹಾಕುವಳು.

"ಬರೇ ನೀರು ಯಾರಿಗೆ ಸೇರತೈತಿ?" ಎಂದು ನನ್ನನ್ನೇ ಕೇಳುತ್ತಿದ್ದಳು. ಮೂರು ಹೊತ್ತೂ ಬರೇ ನೀರಿನ ಮೇಲೇ ಬದುಕುವ ನನಗೆ ಈ ಪ್ರಶ್ನೆ.

ಒಂದು ಸಂಗತಿ ನನಗೆ ಮೊದಲ ವರ್ಷವೇ ತಿಳಿಯಿತು. ಆ ಗಿಡಕ್ಕೆ ತಾನು ಸತ್ತಿರುವುದು ಗೊತ್ತಿರುವುದಿಲ್ಲ. ಬೇರಿಲ್ಲ, ಮಣ್ಣಿಲ್ಲ, ಆದರೂ ಕುಡಿಯುತ್ತಲೇ ಇರುತ್ತದೆ. ಹೊಸ ವರ್ಷದ ದಿನ ಅದನ್ನು ತುಂಡು ಮಾಡಿ ಬಚ್ಚಲ ಒಲೆಗೆ ಹಾಕಿ, ಆ ಬಿಸಿನೀರಲ್ಲಿ ಎಲ್ಲರೂ ಮೀಯುವುದು ಆ ಮನೆಯ ಪದ್ಧತಿ. ಒಲೆಯಲ್ಲೂ ಅದರ ಮೈ ಹಸಿಯಾಗಿದ್ದು ಚಿಟಚಿಟ ಎನ್ನುತ್ತಿತ್ತು.

ಒಂದು ವರ್ಷ ಮಳೆಗಾಲದ ಕೊನೆಯಲ್ಲಿ ನವೋಮಿಗೆ ವಿಷಮಜ್ವರ ಬಂತು. ಹಣೆಗೆ ಹಾಕುವ ತಣ್ಣೀರಿನ ಬಟ್ಟೆ ಅದ್ದಲು ನನ್ನನ್ನೇ ಮಂಚದ ಪಕ್ಕ ಇಟ್ಟಿದ್ದರು. ಒಂದು ಬೆಳಿಗ್ಗೆ ಬಟ್ಟೆ ಅದ್ದುವುದು ನಿಂತಿತು.

ಸಮುವೇಲಪ್ಪ ಅಳಲಿಲ್ಲ. "ದೇವರ ಕೂಸು ದೇವರ ಕಡೆ ಹೋಗೇತಿ. ಈ ಮನ್ಯಾಗ ಯಾರೂ ಅಳೂ ಹಂಗಿಲ್ಲ," ಎಂದರು. ಸಭೆಯ ಹಿರಿಯರಲ್ಲವೇ, ಊರಿಗೆಲ್ಲ ಸಮಾಧಾನ ಹೇಳಿದ ಬಾಯಿ. ಅವರ ಹೆಂಡತಿ ಸುಗಂಧಮ್ಮ ಹಣೆಯ ಬಟ್ಟೆಯನ್ನು ಹಿಂಡಿ ನನ್ನ ಅಂಚಿನ ಮೇಲೆ ಹರವಿದರು.

ಮಗುವನ್ನು ಮಣ್ಣು ಮಾಡಿದ್ದು ಆ ತೋಟದಲ್ಲೇ, ಗೋಡೆಯ ಕೊನೆಯ ಸರ್ವೆಗಳ ಬುಡದಲ್ಲಿ. ಡಿಸೆಂಬರ್ ಬಂದಾಗ ಸಮುವೇಲಪ್ಪನವರ ಕಾಲು ರೂಢಿಯಂತೆ ಅತ್ತಲೇ ನಡೆದವು, ಕೈ ರೂಢಿಯಂತೆ ಕಡಿಯಿತು. ಗಿಡ ತಂದು ನನ್ನೊಳಗೆ ನಿಲ್ಲಿಸಿದ ಮೇಲೆ ಪಕ್ಕದ ಮನೆಯಲ್ಲಿದ್ದ ಅವರ ಅಕ್ಕ ಎಸ್ತರಮ್ಮ ಬಂದು ನೋಡಿದರು.

"ತಮ್ಮಾ, ಎಲ್ಲಿಂದ ಕಡದಿ ಇದನ್ನ?"

"ವರ್ಷಾ ತರೂ ಕಡೆಯಿಂದನ."

"ಕೂಸಿನ ತಲಿದಿಂಬಿನ ಗಿಡಾ ಮನಿಗೆ ತಂದೆಲ್ಲೋ," ಎಂದು ಎಸ್ತರಮ್ಮ ಹೊಸ್ತಿಲಿನ ಆಚೆಗೆ ಸರಿದು ನಿಂತರು. ನಿಜ ಹೇಳಬೇಕೆಂದರೆ ನನಗೂ ಮೈ ಜುಂ ಎಂದಿತು. ಕಿಟಕಿ ಮುಚ್ಚಿದ್ದರೂ ಆ ಸರ್ವೆ ಸುಂಯ್ ಎನ್ನುತ್ತಿತ್ತು.

ಆ ವರ್ಷ ನೀರು ಹಾಕುವವರು ಯಾರೂ ಇರಲಿಲ್ಲ. ನೀರು ಇಳಿಯುತ್ತ ಇಳಿಯುತ್ತ ಗಿಡದ ಬುಡದ ಹತ್ತಿರ ಬಂತು. ಆಗ ಒಂದು ಬೆಳಿಗ್ಗೆ, ಮನೆಯವರು ಏಳುವ ಮೊದಲು, ತಂಬಿಗೆಯ ಸದ್ದಾಯಿತು. ಬಂದ ಕಾಲುಗಳು ದೊಡ್ಡವು, ಬಿರುಕು ಹಿಮ್ಮಡಿಯವು. ಸಮುವೇಲಪ್ಪ ನೀರು ಹೊಯ್ದರು, ಒಂದು ತುಂಡು ಬೆಲ್ಲ ಹಾಕಿದರು. ಆಮೇಲೆ ನನ್ನ ಅಂಚು ಹಿಡಿದು ಬಗ್ಗಿದರು. ಆಗ ಅವರ ಮುಖ ಕಂಡೆ. ಸದ್ದಿಲ್ಲದೆ ಅಳುತ್ತಿದ್ದರು. ನನ್ನ ನೀರು ಅವತ್ತು ಬಣ್ಣದ ಮನೆಯ ನೀರಿಗಿಂತ ಭಾರವಾಯಿತು.

ಬೆಳಕಾದ ಮೇಲೆ ಸುಗಂಧಮ್ಮ ಬಂದರು. ನನ್ನ ಅಂಚಿನ ಮೇಲೆ ಇರುವೆ ಸಾಲು. ಬಗ್ಗಿ ನೋಡಿದರು. ತಳದಲ್ಲಿ ಬೆಲ್ಲ ಇನ್ನೂ ಪೂರ್ತಿ ಕರಗಿರಲಿಲ್ಲ. ಬಹಳ ಹೊತ್ತು ನೋಡಿ, ಗಂಡನಿಗೆ ಕೇಳುವಂತೆ ಹೇಳಿದರು.

"ಅಕಿ ಬಂದಿದ್ಲು ನೋಡ್ರಿ. ನೀರು ಹಾಕಿ ಹೋಗ್ಯಾಳ."

ಸಮುವೇಲಪ್ಪನವರ ಕಾಲುಗಳು ಬಾಗಿಲ ಕಡೆ ತಿರುಗಿ ಹೊರಗೆ ಹೋದವು.

ಹೊಸ ವರ್ಷ ಬಂತು. ಒಲೆಗೆ ಬೇರೆ ಕಟ್ಟಿಗೆ ತಂದರು. "ಗಿಡಾ ಮುಟ್ಟಬ್ಯಾಡ್ರಿ. ಅಕಿ ದಿನಾ ಬರ್ತಾಳ," ಎಂದರು ಸುಗಂಧಮ್ಮ. ಮಧ್ಯಾಹ್ನ ಗಿಡದ ಪಕ್ಕ ಕೂತು ಉದುರಿದ ಎಲೆ ಆರಿಸುತ್ತಿದ್ದರು. ಗೋರಿಗೆ ಹೋಗೋಣವೆಂದು ಎಸ್ತರಮ್ಮ ಕರೆದರೆ "ಮನ್ಯಾಗ ಇದ್ದಾಕಿನ್ನ ಅಲ್ಲಿ ಯಾಕ ಹುಡಕ್ಲಿ?" ಎಂದರು. ಸುಗಂಧಮ್ಮನ ತಲೆ ಕೆಟ್ಟಿದೆ ಎಂದು ಸಭೆಯಲ್ಲಿ ಗುಸುಗುಸು ಹುಟ್ಟಿತು.

ಸಮುವೇಲಪ್ಪ ಹುಲಿಯ ಬಾಲ ಹಿಡಿದವರಂತಾದರು. ನೀರು ನಿಲ್ಲಿಸಿದರೆ ಹೆಂಡತಿಯ ಪಾಲಿಗೆ ಮಗಳು ಇನ್ನೊಮ್ಮೆ ಸಾಯುತ್ತಾಳೆ. ಹಾಕುತ್ತ ಹೋದರೆ ಹೆಂಡತಿಯೇ ಕೈತಪ್ಪಿ ಹೋಗುತ್ತಾಳೆ. "ಒಬ್ಬಾಕಿ ಹೋದ್ಲು, ಇನ್ನೊಬ್ಬಾಕಿನ್ನ ನಾನ ಕಳಸಾಕತ್ತೀನಿ," ಎಂದು ನನ್ನ ಮೇಲೆ ಬಗ್ಗಿ ಗೊಣಗುತ್ತಿದ್ದರು. ಆದರೂ ಮರುದಿನ ತಂಬಿಗೆ ಹಿಡಿದು ಬರುತ್ತಿದ್ದರು.

ಕಡೆಗೊಂದು ಬೆಳಿಗ್ಗೆ ನನ್ನ ನೀರು ಇಳಿದಿರಲಿಲ್ಲ. ತಾನು ಸತ್ತಿರುವುದು ಗಿಡಕ್ಕೆ ಗೊತ್ತಾಗಿತ್ತು. ಸಮುವೇಲಪ್ಪ ನೋಡದೆ ಹೊಯ್ದರು. ನಾನು ತುಂಬಿ ಉಕ್ಕಿ ಅವರ ಪಾದದ ಮೇಲೆ ಹರಿದೆ. ಅವರು ಅಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕೂತರು. ಒಳಗಿಂದ ಸುಗಂಧಮ್ಮನ ಕಾಲುಗಳು ಬಂದವು.

"ಸುಗಂಧಿ, ದಿನಾ ನೀರು ಹಾಕಿದಾಂವ ನಾನು. ಅಕಿ ಅಲ್ಲ. ನಿನಗ ಮೋಸಾ ಮಾಡೀನಿ."

"ಗೊತ್ತೈತ್ರಿ."

"ಯಾವಾಗಿಂದ?"

"ಮೊದಲ್ನೇ ದಿನದಿಂದ. ನೀವು ಇಡೀ ಬೆಲ್ಲಾ ಹಾಕ್ತೀರಿ. ಅಕಿ ಅರ್ಧಾ ಕಡದು ತಿಂದು, ಉಳದ ಅರ್ಧಾ ಗಿಡಕ್ಕ ಹಾಕ್ತಿದ್ಲು."

"ಮತ್ತ ಅಕಿ ಬರ್ತಾಳ ಅಂತ ಯಾಕಂದಿ?"

"ಹಂಗ ಅನ್ನದಿದ್ರ ಹೊಸ ವರ್ಷಕ್ಕ ಗಿಡಾ ಒಲಿಗೆ ಹೋಗತಿತ್ತು. ಆಮ್ಯಾಲ ನೀವು ಎಲ್ಲಿ ಕುಂತು ಅಳತಿದ್ರಿ?"

ಅವತ್ತು ಆ ಮನೆಯಲ್ಲಿ ಮೊದಲ ಸಲ ಇಬ್ಬರೂ ಬಾಯಿಬಿಟ್ಟು ಅತ್ತರು. ನನಗೆ ಹಗುರಾಯಿತು.

ಗಿಡವನ್ನು ಒಲೆಗೆ ಹಾಕಲಿಲ್ಲ. ಗಂಡ ಗಿಡ ಹೊತ್ತರು, ಹೆಂಡತಿ ನನ್ನನ್ನು ಹಿಡಿದರು. ತೋಟಕ್ಕೆ ಹೋಗಿ ಗಿಡವನ್ನು ಮಗಳ ಪಕ್ಕ ಮಲಗಿಸಿ, ನನ್ನೊಳಗಿದ್ದ ನೀರನ್ನು ಮಣ್ಣಿಗೆ ಹೊಯ್ದರು. ನನ್ನನ್ನು ಅಲ್ಲೇ ಬಿಟ್ಟು ಬಂದರು.

ಈಗ ನಾನು ಮುದುಕ. ಬೆಸುಗೆ ಬಿಟ್ಟಿದೆ, ನನ್ನಲ್ಲಿ ನೀರು ನಿಲ್ಲುವುದಿಲ್ಲ. ಸಮುವೇಲಪ್ಪನವರೂ ಇದೇ ಗೋಡೆಯ ಪಕ್ಕ ಮಲಗಿದ್ದಾರೆ. ಕ್ರಿಸ್ಮಸ್ ದಿನ ಸುಗಂಧಮ್ಮ ಒಬ್ಬರೇ ಬರುತ್ತಾರೆ. ಒಂದು ಚೂರು ಬೆಲ್ಲವನ್ನು ಅರ್ಧ ಕಡಿದು ಬಾಯಿಗೆ ಹಾಕಿಕೊಂಡು, ಉಳಿದರ್ಧವನ್ನು ನನ್ನ ಒಣ ತಳದಲ್ಲಿ ಇಟ್ಟು ಹೋಗುತ್ತಾರೆ.

ಅವರು ಗೇಟು ದಾಟುವಷ್ಟರಲ್ಲಿ, ಇರುವೆಗಳು ಇನ್ನೂ ನನ್ನ ಅಂಚು ಹತ್ತುವ ಮೊದಲೇ, ಬೆಲ್ಲ ಮಾಯವಾಗಿರುತ್ತದೆ. ನಾನು ಕಾಲು ನೋಡಿ ಗುರುತು ಹಿಡಿಯುವವನು ಎಂದು ಹೇಳಿದೆನಲ್ಲ. ಅಲ್ಲಿ ಯಾವ ಕಾಲೂ ಕಾಣುವುದಿಲ್ಲ. ನೀಲಿ ತಳದ ಮೇಲೆ ಒಂದು ಪುಟ್ಟ ಬೆರಳಿನ ಒದ್ದೆ ಗುರುತು ಮಾತ್ರ ಇರುತ್ತದೆ, ನೀರು ಎಷ್ಟು ಇಳಿದಿದೆ ಎಂದು ಯಾರೋ ನೋಡಿದಂತೆ.